ಲೇಖಕರು: ಬಡಗಿ

ಅವಳನ್ನು ಎಲ್ಲರೂ ಪುಸ್ತಕದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಆ ಪುಟ್ಟ ಗ್ರಂಥಾಲಯದ ಬೀಗದಕೈ ಅವಳ ಚೀಲದಲ್ಲೇ ಇತ್ತು. ಮಧ್ಯಾಹ್ನ ಎತ್ತರದ ಕಿಟಕಿಯಿಂದ ಇಳಿದ ಬಿಸಿಲು ಯಾರೂ ಕೂರದ ಕುರ್ಚಿಗಳಲ್ಲಿ ಒಂದೊಂದು ಗಳಿಗೆ ಕೂತು ಎದ್ದು ಹೋಗುತ್ತಿತ್ತು. ಕಪಾಟಿಗೆ ಒರಗಿಸಿದ ಮರದ ಏಣಿಯ ಮೂರನೇ ಮೆಟ್ಟಿಲ ಮೇಲೆ ಕೂತು ಅವಳು ಅದನ್ನೇ ನೋಡುತ್ತಿದ್ದಳು. ಬಿಸಿಲನ್ನೂ ಸೇರಿಸಿದರೆ ದಿನಕ್ಕೆ ಐದು ಜನ ಓದುಗರು.

ಒಂದು ದಿನ ಮುಖ್ಯ ಕಚೇರಿಯಿಂದ ಕಾಗದ ಬಂತು. ದಿನಕ್ಕೆ ಇಪ್ಪತ್ತು ಎರವಲು ಆಗದ ಶಾಖೆಗಳನ್ನು ಮುಚ್ಚುತ್ತಾರಂತೆ. ಆರು ತಿಂಗಳ ನಂತರ ತಪಾಸಣೆ. ಮುಚ್ಚಿದರೆ ಅವಳಿಗೆ ಕಚೇರಿಯ ನೆಲಮಾಳಿಗೆಯಲ್ಲಿ ಹಳೆಯ ಕಡತ ಕಟ್ಟುವ ಕೆಲಸ. ಅಲ್ಲಿ ಕಿಟಕಿಯೇ ಇರಲಿಲ್ಲ.

ಗುಂಡಿ, ನೂಲಿನ ಅಂಗಡಿ ಇಟ್ಟಿದ್ದ ನಾದಿನಿ ಆ ಕಾಗದವನ್ನು ಗುಂಡಿ ವಿಂಗಡಿಸುತ್ತಲೇ ಓದಿದಳು.

"ಅತ್ತಿಗೆ, ನಿಮ್ಮ ಹಾಗೆ ನಾನೂ ಅಂಗಡಿ ಬಾಗಿಲಿಗೆ ‘ಮಾತಾಡಬೇಡಿ’ ಅಂತ ಬೋರ್ಡ್ ಹಾಕಿ, ಒಳಗೆ ಏಣಿ ಹತ್ತಿ ಕೂತ್ರೆ ಯಾರು ಬರ್ತಾರೆ?"

"ಪುಸ್ತಕ ಅಂದ್ರೆ ಗುಂಡಿ ಅಲ್ಲ ಕಣೇ."

"ಅಲ್ಲ ಬಿಡಿ. ಗುಂಡಿ ಇಲ್ದಿದ್ರೆ ಮಾನ ಹೋಗುತ್ತೆ. ಜನಕ್ಕೆ ಏನು ಬೇಕು ಅಂತ ಮೊದಲು ನೋಡಿ. ನಿಮ್ಮ ಹತ್ರ ಏನಿದೆ ಅನ್ನೋದು ಆಮೇಲೆ."

ಆ ಮಾತು ಮೂರು ದಿನ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ನಾಲ್ಕನೇ ದಿನ, ಎಂದೂ ಒಳಗೆ ಕಾಲಿಡದಿದ್ದ ಪೇಂಟರ್ ಬಾಗಿಲಲ್ಲಿ ಇಣುಕಿದ.

"ಅಕ್ಕ, ನಿಮ್ಮ ಏಣಿ ಎರಡು ದಿನಕ್ಕೆ ಕೊಡ್ತೀರಾ? ನಂದು ಮುರೀತು."

ಇಲ್ಲ ಎನ್ನಲು ಬಾಯಿ ತೆರೆದವಳಿಗೆ ಗುಂಡಿ ನೆನಪಾಯಿತು. ಎರವಲು ದಾಖಲೆ ತೆಗೆದು ಶೀರ್ಷಿಕೆಯ ಜಾಗದಲ್ಲಿ ‘ಏಣಿ’ ಎಂದು ಬರೆದಳು. ಲೇಖಕರ ಜಾಗವನ್ನು ಖಾಲಿ ಬಿಟ್ಟು ಅವಳಿಗೆ ಅಭ್ಯಾಸವಿರಲಿಲ್ಲ. ತುಸು ಯೋಚಿಸಿ ‘ಬಡಗಿ’ ಎಂದು ತುಂಬಿದಳು.

"ಜೊತೆಗೆ ಒಂದು ಪುಸ್ತಕಾನೂ ತಗೋಬೇಕು. ನಿಯಮ." ಆ ನಿಯಮ ಹುಟ್ಟಿ ಅರೆಗಳಿಗೆಯೂ ಆಗಿರಲಿಲ್ಲ.

"ನಾನು ಓದೋದು ಬಣ್ಣದ ಡಬ್ಬದ ಮೇಲಿರೋದು ಮಾತ್ರ ಅಕ್ಕ."

"ಮೊದಲನೇ ಕೋಟು ಒಣಗೋವರೆಗೆ ಏನ್ಮಾಡ್ತೀಯ?"

"ಗೋಡೆ ನೋಡ್ತೀನಿ."

"ಗೋಡೆ ಬದಲು ಇದನ್ನ ನೋಡು." ಹನ್ನೊಂದು ಭಾಗದ ಪತ್ತೇದಾರಿ ಕಾದಂಬರಿಯ ಮೊದಲ ಭಾಗವನ್ನು ಅವನ ಕಂಕುಳಿಗೆ ಸಿಕ್ಕಿಸಿದಳು.

ಏಣಿ ಒಂದು ದಿನ ಮೊದಲೇ ವಾಪಸು ಬಂತು. "ಅಕ್ಕ, ಆ ಹೆಂಗಸು ದೋಣಿ ಹತ್ತಿದ್ಲಲ್ಲ, ಮುಂದೆ?"

ಮರುದಿನ ‘ಮಾತಾಡಬೇಡಿ’ ಇದ್ದ ಜಾಗದಲ್ಲಿ ಹೊಸ ಹಾಳೆ ಬಂತು: ‘ನಿಮಗೇನು ಬೇಕು? ನಿಮ್ಮ ಮನೆಯಲ್ಲಿ ಏನು ಸುಮ್ಮನೆ ಕೂತಿದೆ?’ ಯಾರೋ ಹೊಲಿಗೆ ಯಂತ್ರ ತಂದಿಟ್ಟರು, ಯಾರೋ ಊರುಗೋಲು. ಇತಿಹಾಸಕ್ಕೂ ಕವಿತೆಗೂ ನಡುವೆ ಒಂದು ತೊಟ್ಟಿಲು ತೂಗಿತು. ಲೇಖಕರು: ಯಾರದೋ ಅಜ್ಜ. ಒಂದೊಂದು ಸಾಮಾನಿನ ಜೊತೆಗೂ ಒಂದೊಂದು ಪುಸ್ತಕ ಹೊರಗೆ ಹೋಯಿತು. ಬರಬರುತ್ತ ಮಧ್ಯಾಹ್ನದ ಬಿಸಿಲಿಗೆ ಕೂರಲು ಕುರ್ಚಿ ಸಿಗದೆ ಅದು ನೆಲದ ಮೇಲೆಯೇ ಚಾಚಿಕೊಳ್ಳತೊಡಗಿತು.

ತಪಾಸಣೆಯ ದಿನ ಅಧಿಕಾರಿ ಕೆಳಗಿನ ಸಾಲುಗಳ ಪುಸ್ತಕಗಳನ್ನೆಲ್ಲ ಎಣಿಸಿ ಕತ್ತೆತ್ತಿದರು. "ಏಣಿ ಎಲ್ಲಮ್ಮಾ?"

"ಎರವಲು ಹೋಗಿದೆ ಸರ್."

ಅವರು ದಾಖಲೆ ತೆರೆದರು. ಬೆರಳು ಒಂದು ಕಡೆ ನಿಂತಿತು. "ಲೇಖಕರು, ಬಡಗಿ?"

"ಹೌದು ಸರ್. ಅವರದ್ದು ನಮ್ಮಲ್ಲಿ ಇದೊಂದೇ ಇರೋದು."

ಅವರು ನಗಲಿಲ್ಲ. ದಾಖಲೆಯಲ್ಲಿ ಸಾಮಾನುಗಳನ್ನು ಬಿಟ್ಟು ಪುಸ್ತಕಗಳ ಎರವಲನ್ನಷ್ಟೇ ಎಣಿಸಿದರು. ದಿನಕ್ಕೆ ಇಪ್ಪತ್ತಮೂರು. "ಸಾಮಾನಿನ ಆಸೆಗೆ ತಗೊಂಡು ಹೋಗ್ತಾರೆ. ಓದ್ತಾರೆ ಅಂತ ಏನು ಗ್ಯಾರಂಟಿ?"

ಕಿಟಕಿಯಿಲ್ಲದ ಆ ನೆಲಮಾಳಿಗೆ ಅವಳ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಬಾಗಿಲಲ್ಲಿ ಏಣಿ ಕಾಣಿಸಿತು, ಅದರ ಹಿಂದೆ ಪೇಂಟರ್. "ಸ್ವಲ್ಪ ಸರೀರಿ ಸರ್," ಎಂದು ಏಣಿಯನ್ನು ಕಪಾಟಿಗೆ ಆನಿಸಿ, ಸರಸರನೆ ಹತ್ತಿ, ಮೇಲಿನ ಸಾಲಿನಿಂದ ಹನ್ನೊಂದನೇ ಭಾಗ ತೆಗೆದವನು ಅಲ್ಲೇ ಕೂತು ಓದತೊಡಗಿದ.

"ಇಳಿಯಪ್ಪ, ನಾನು ಎಣಿಸ್ಬೇಕು."

"ಒಂದೇ ನಿಮಿಷ ಸರ್. ದೋಣಿ ದಡಕ್ಕೆ ಬರ್ತಾ ಇದೆ."

ಅಧಿಕಾರಿ ಕಾದರು. ಪುಟ ಮಗುಚುವ ಸದ್ದಷ್ಟೇ ಕೇಳಿಸುತ್ತಿತ್ತು. ಬಿಸಿಲು ಮೆಲ್ಲಗೆ ಅವರ ಬೂಟಿನ ಮೇಲೇರಿತು. ಕೊನೆಗೆ ಪೆನ್ನು ತೆಗೆದು ವರದಿಯಲ್ಲಿ ‘ಶಾಖೆ ಮುಂದುವರಿಯಲಿ’ ಎಂದು ಬರೆದು ಸಹಿ ಹಾಕಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಅದರ ಮೊದಲನೇ ಭಾಗ ಇದೆಯಾ?"

"ಗುಂಡಿ ಅಂಗಡೀಲಿದೆ ಸರ್," ಎಂದಳು ಪುಸ್ತಕದಕ್ಕ. "ಶುಕ್ರವಾರ ವಾಪಸು ಬರುತ್ತೆ."