ಹೊಸನಗರದಲ್ಲಿ ಯಾರಿಗೂ ಅವಸರವಿಲ್ಲ

ಸರ್ಕಾರಿ ಕಚೇರಿಯ ಮೇಜಿನ ಹಿಂದೆ ಕೂತು ಹದಿನಾರು ದಿನವಾದರೂ ಒಬ್ಬರೂ ನನ್ನ ಮೇಲೆ ಕೂಗಾಡಲಿಲ್ಲ. ನನಗೆ ಹೆದರಿಕೆಯಾಯಿತು. ನಾನು ಬಯಲುಸೀಮೆಯ ಸಿಂದಗಿ ಕಡೆಯವಳು. ನಮ್ಮಲ್ಲಿ ಕಚೇರಿಗೆ ಬಂದವರು "ಏ ತಂಗಿ, ನನ್ನ ಕಾಗದ ಎಲ್ಲಿಟ್ಟಿ? ಇವತ್ತ ಆಗಬೇಕ ನೋಡು" ಎಂದು ಮೇಜು ಗುದ್ದುತ್ತಾರೆ, ಕೆಲಸವಾದ ಮೇಲೆ "ನಿನ್ನ ಹೊಟ್ಟಿ ತಣ್ಣಗಿರ್ಲಿ" ಎಂದು ಹರಸಿ ಹೋಗುತ್ತಾರೆ. ಈ ಮಲೆನಾಡಿನ ಹೊಸನಗರದಲ್ಲಿ ಚಪ್ಪಲಿ ಹೊರಗೆ ಬಿಟ್ಟು ಬಂದು ಗೋಡೆಗೆ ಅಂಟಿ ನಿಲ್ಲುತ್ತಾರೆ. ನಾನು ತಲೆಯೆತ್ತಿ "ಏನಾಗಬೇಕಿತ್ತು?" ಅಂದರೆ ನಕ್ಕು "ಎಂತ ಇಲ್ಲ" ಅನ್ನುತ್ತಾರೆ. 'ಎಂತ' ಅಂದರೆ ಇಲ್ಲಿ 'ಏನು' ಎಂದರ್ಥ. ಅದನ್ನು ಕಲಿಯಲು ಒಂದು ದಿನ ಸಾಕಾಯಿತು, ಅದರ ಒಳಗಿನದನ್ನು ಕಲಿಯಲು ಒಂದು ಬೇಸಿಗೆ ಹೋಯಿತು.

ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲೊಂದು ಕೋಣೆ ಸಿಕ್ಕಿದೆ. ಮೊದಲ ದಿನ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಕೆಳಗಿನ ಮನೆಯೊಡತಿ ಗಾಬರಿಯಿಂದ ಹತ್ತಿ ಬಂದು, "ಎಂತ ಮಾರಾಯ್ತಿ, ಬಟ್ಟೆ ಒಗೀತಿದ್ರಾ ಒಳಗೆ?" ಎಂದು ಕೇಳಿದರು. ಒಂದು ರೊಟ್ಟಿ ಕೊಟ್ಟೆ. ಚೆನ್ನಾಗಿದೆ ಅಂದರು, ಮತ್ತೆ ಕೇಳಲಿಲ್ಲ. ಈಗ ಹಿಟ್ಟನ್ನು ಮೆಲ್ಲಗೆ ತಟ್ಟುತ್ತೇನೆ, ರೊಟ್ಟಿ ದಪ್ಪವಾಗುತ್ತದೆ. ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಯಾರೊಂದಿಗೂ ಒಂದು ಮಾತೂ ಆಡದ ದಿನಗಳಿವೆ. ಅಂಥ ಸಂಜೆ ಅಂಗಡಿಗೆ ಹೋಗಿ ಬೇಡದಿದ್ದರೂ ಬೆಂಕಿಪೊಟ್ಟಣ ಕೊಳ್ಳುತ್ತೇನೆ. ಮನೆಯಲ್ಲೀಗ ಹನ್ನೊಂದು ಬೆಂಕಿಪೊಟ್ಟಣ ಇವೆ.

ನನ್ನ ಕೆಲಸ ಪತ್ರ ಬರೆಯುವುದು. ಅದರಲ್ಲೂ ಬೇರೆ ಕಚೇರಿಗಳಲ್ಲಿ ನಿಂತುಹೋದ ಕೆಲಸಗಳನ್ನು 'ತ್ವರಿತಗೊಳಿಸಲು' ಕೋರುವ ಪತ್ರ. ಮೊದಲ ಕರಡಿನಲ್ಲಿ "ಸಂಬಂಧಪಟ್ಟ ಇಂಜಿನಿಯರರನ್ನು ತ್ವರಿತಗೊಳಿಸಬೇಕು" ಎಂದು ಬರೆದಿದ್ದೆ. ಪಕ್ಕದ ಮೇಜಿನ ಸರೋಜಕ್ಕ, ತೀರ್ಥಹಳ್ಳಿಯವರು, ನನಗಿಂತ ಇಪ್ಪತ್ತು ವರ್ಷ ಹಿರಿಯರು, ಕನ್ನಡಕ ತೆಗೆದು ನಕ್ಕರು.

"ಮನುಷ್ಯರನ್ನ ತ್ವರಿತಗೊಳಿಸೋಕೆ ಬ್ರಹ್ಮನಿಗೂ ಆಗಲ್ಲ ಮಾರಾಯ್ತಿ. ಕಾಮಗಾರಿ ಅಂತ ಬರಿ. ಮೇಲಿನೋರಿಗೆ 'ತ್ವರಿತಗೊಳಿಸಿ' ಅಂದ್ರೆ ಹುಕುಂ ಮಾಡ್ದಂಗೆ. 'ತ್ವರಿತಗೊಳಿಸಲು ಕ್ರಮ ವಹಿಸಬೇಕಾಗಿ ಕೋರಿದೆ' ಅನ್ನು."

ತಿಂಗಳೊಳಗೆ ಆ ಪದ ನನ್ನ ಕೈಗೆ ಎಷ್ಟು ಒಗ್ಗಿತೆಂದರೆ, ಸಾಹೇಬರು ತಿದ್ದದೆ ಸಹಿ ಹಾಕತೊಡಗಿದರು. ಜಂಬವೇ ಬಂದಿತ್ತು ಅನ್ನಿ.

ಹುಂಚದ ಆಚೆಯ ಒಂದು ಹಳ್ಳಿಯಿಂದ ಪದ್ಮಯ್ಯ ಬರುತ್ತಿದ್ದರು. ಅರವತ್ತು ದಾಟಿದ ರೈತ, ಒಗೆದ ಬಿಳಿ ಅಂಗಿ. ಮನೆಯ ಮುಂದಿನ ಹಳ್ಳಕ್ಕೆ ಕಾಲುಸಂಕ ಬೇಕೆಂದು ಅರ್ಜಿ ಕೊಟ್ಟಿದ್ದರು. ಸಂಕವೆಂದರೆ ಹಳ್ಳ ದಾಟಲು ಅಡ್ಡ ಹಾಕಿದ ಮರದ ದಿಮ್ಮಿ. ಅದರ ಜಾಗದಲ್ಲಿ ಸಿಮೆಂಟಿನದು ಕಟ್ಟಿಕೊಡಿ ಎಂಬುದು ಅವರ ಕೋರಿಕೆ. ಇಂಜಿನಿಯರ್ ಕಚೇರಿಗೆ ನಾನೊಂದು ಪತ್ರ ಬರೆಯಬೇಕಿತ್ತು.

"ಅವಸರ ಎಂತ ಇಲ್ಲ ಮೇಡಂ," ಅಂದರು ಮೊದಲ ಸಲ. "ಪ್ಯಾಟೆಗೆ ಬಂದಿದ್ದೆ, ಹಂಗೇ ಮಾತಾಡ್ಸಿ ಹೋಗನ ಅಂತ."

ನಾನು ನಂಬಿದೆ. ಸಾಹೇಬರು ಅವಸರ ಅಂದ ಪತ್ರಗಳನ್ನು ಮುಂದೆ ಹಾಕಿ, ಅವರದನ್ನು ಕೆಳಗಿಟ್ಟೆ. ಅವರು ಹದಿನೈದು ದಿನಕ್ಕೊಮ್ಮೆ ಬಂದರು. ಚಹಾ ತರಿಸಿದರೆ ಮೂರು ಸಲ ಬೇಡವೆಂದು ನಾಲ್ಕನೆಯ ಸಲ ಕುಡಿಯುತ್ತಿದ್ದರು. ನಮ್ಮೂರಿನ ಜೋಳ, ಬಿಸಿಲು, ಅವ್ವನ ಆರೋಗ್ಯ ಎಲ್ಲ ವಿಚಾರಿಸುತ್ತಿದ್ದರು. ಒಮ್ಮೆ "ಈ ಸಲ ಮಳೆ ಬೇಗ ಹಿಡೀತದೆ ಅಂತ ಕಾಣ್ತದೆ" ಅಂದರು. ನಾನು ನಮ್ಮ ಕಡೆ ಮಳೆಯೇ ಇಲ್ಲವೆಂದು ಅರ್ಧ ಗಂಟೆ ಹೇಳಿದೆ. ಇನ್ನೊಮ್ಮೆ "ನಮ್ಮನೆಯೋಳಿಗೆ ಮಂಡಿ ಆಪರೇಷನ್ ಆತು" ಅಂದರು. ಹುಷಾರಾಗಲಿ ಅಂದೆ. ಈ ಊರಿನಲ್ಲಿ ಕೆಲಸವಿಲ್ಲದೆ ನನ್ನನ್ನು ನೋಡಲು ಬರುವ ಒಂದು ಜೀವವಿದೆ ಎಂದು ನನಗೆ ಒಳಗೊಳಗೇ ಸಂತೋಷ. ಅವರು ಬರುವ ವಾರ ಬೆಂಕಿಪೊಟ್ಟಣ ಕೊಳ್ಳುತ್ತಿರಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಪದ್ಮಯ್ಯ ಬರಲಿಲ್ಲ. ಸರೋಜಕ್ಕನನ್ನು ಕೇಳಿದೆ.

"ಹೆಂಡ್ತೀನ ಸಾಗರಕ್ಕೆ, ಅವಳ ತಂಗಿ ಮನೆಗೆ ಬಿಟ್ಟು ಬಂದ್ರಂತೆ. ಹಳ್ಳ ತುಂಬಿದ ಮೇಲೆ ಆ ಕಾಲಲ್ಲಿ ದಿಮ್ಮಿ ದಾಟೋದು ಹೆಂಗೆ? ಮೊದಲನೇ ಸಲವಂತೆ ಇಬ್ರೂ ಬೇರೆ ಬೇರೆ ಇರೋದು. ನೀ ಪತ್ರ ಹಾಕಿರ್ಲಿಲ್ವಾ?"

"ಅವಸರ ಇಲ್ಲ ಅಂದಿದ್ರು."

ಸರೋಜಕ್ಕ ನನ್ನನ್ನೇ ನೋಡಿದರು. "ನಾಲ್ಕು ಸಲ ಬಂದ್ರಲ್ಲ ಮಾರಾಯ್ತಿ. ಇನ್ನೆಷ್ಟು ಅವಸರ ಮಾಡಬೇಕಿತ್ತು ಅವ್ರು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ದಿನವೇ ಪತ್ರ ಬರೆದೆ. ಪದವೊಂದೂ ತಪ್ಪಿರಲಿಲ್ಲ. ಕೈಯಲ್ಲೇ ಹಿಡಿದು ಇಂಜಿನಿಯರ್ ಕಚೇರಿಗೆ ಹೋಗಿ, ಸಿಂದಗಿಯವಳಂತೆ "ಇವತ್ತ ಆಗಬೇಕ್ರಿ" ಎಂದು ಮೇಜು ಗುದ್ದಿದೆ. ಎಲ್ಲರೂ ತಿರುಗಿ ನೋಡಿದರು. ಗುಮಾಸ್ತರು ಸಮಾಧಾನದಿಂದ, ಹಳ್ಳದ ನೀರು ಇಳಿಯದೆ ಯಾರೂ ಕೆಲಸ ಹಿಡಿಯಲಾರರು, ದೀಪಾವಳಿ ಕಳೆಯಲಿ ಅಂದರು. ಅವರು ಹೇಳಿದ್ದು ಸರಿಯಾಗಿತ್ತು.

ಮುಂದಿನ ಭಾನುವಾರ, ಸರೋಜಕ್ಕನಿಂದ ವಿಳಾಸ ಕೇಳಿಕೊಂಡು ಸಾಗರದ ಬಸ್ಸು ಹತ್ತಿದೆ. ಪದ್ಮಯ್ಯನವರ ಹೆಂಡತಿ ಸುಮತಿಯಮ್ಮ ತಂಗಿಯ ಮನೆಯ ಹೊರಕೋಣೆಯಲ್ಲಿ, ಮಡಚಿಟ್ಟ ಬಟ್ಟೆಗಳ ಪಕ್ಕ ಕುರ್ಚಿಯ ಮೇಲೆ ಕೂತಿದ್ದರು. ನಾನು ಕಡ್ಡಿ ಮುರಿದಂತೆ ಹೇಳಿದೆ: "ತಪ್ಪು ನಂದ್ರಿ ಅಮ್ಮಾ. ನಾನು ಪತ್ರ ಬರೀಲಿಲ್ಲ, ಅದಕ್ಕೇ ನೀವಿಲ್ಲಿ ಬಂದು ಇರೋ ಹಂಗಾತು."

"ಛೇ, ಹಂಗೆಲ್ಲ ಅನ್ಬಾರ್ದು. ನಂಗಿಲ್ಲಿ ಎಂತ ತೊಂದ್ರೆ ಇಲ್ಲ. ಚೆನ್ನಾಗಿ ನೋಡ್ಕೊಳ್ತಾರೆ." ಪಕ್ಕದ ಬಟ್ಟೆಯೊಂದನ್ನು ಬಿಚ್ಚಿ ಮತ್ತೆ ಮಡಚುತ್ತ ಕೇಳಿದರು, "ಅವ್ರು ನಿಮ್ಮ ಆಫೀಸಿಗೆ ಬಂದಿದ್ರಾ? ಊಟ ಸರಿ ಮಾಡ್ತಿದಾರೆ ಅಂತಾ?"

ಮಳೆ ಹಿಡಿದ ಮೇಲೆ ಪದ್ಮಯ್ಯ ಬಂದಿಲ್ಲವೆಂದು ಹೇಳಲಾರದೆ ತಲೆ ತಗ್ಗಿಸಿದೆ. ಅವರಿಗೆ ಅರ್ಥವಾಯಿತೇನೋ, ಮಾತು ತಿರುಗಿಸಿದರು.

"ನಿಮಗೆ ಈ ಕಡೆ ಒಗ್ತಾ ಮಗಾ? ಒಬ್ಳೇ ಇರ್ತೀರಂತಲ್ಲ."

"ನನಗೂ ಏನೂ ತೊಂದ್ರೆ ಇಲ್ಲ ಅಮ್ಮಾ," ಅಂದೆ.

ಅವರು ನನ್ನ ಮುಖವನ್ನು ಓದಿದರು. ನಾನೂ ಅವರದನ್ನು ಓದಿದ್ದೆ. ಕೈ ಚಾಚಿ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ನಾನು ಅತ್ತೆ.

ವಾಪಸು ಬರುವಾಗ ಬಸ್ಸಿನಲ್ಲೇ ಅವ್ವನಿಗೆ ಫೋನ್ ಮಾಡಿದೆ. "ಯವ್ವಾ, ನನಗ ಇಲ್ಲಿ ಭಾಳ ಬ್ಯಾಸರ ಆಗೇತಿ." ಒಂಬತ್ತು ತಿಂಗಳಲ್ಲಿ ಮೊದಲ ಸಲ ಈ ಮಾತು ಬಾಯಿಂದ ಬಂತು.

"ಹಂಗಿದ್ರ ವರ್ಗ ಮಾಡಿಸಿಕೊಂಡ ಬಾ. ಅರ್ಜಿ ಯಾವಾಗ ಹಾಕ್ತಿ?"

"ಹಾಕ್ತೀನಿ. ಇಲ್ಲೊಂದು ಸಂಕ ಆಗಬೇಕೈತಿ. ಅದಾಗ್ಲಿ."

"ಸಂಕ ಅಂದ್ರೇನ?" ಅಂದಳು ಅವ್ವ.

ಎಷ್ಟು ಹೇಳಿದರೂ ಅವಳಿಗೆ ತಿಳಿಯಲಿಲ್ಲ.