ಆರನೇ ಬ್ಲಾಕಿನ ಹಸಿರು ಚೌಕ

2023ರ ಡಿಸೆಂಬರ್. ಗೋಣಿಕೊಪ್ಪದ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಾನು ಒಂದು ಸಂಸ್ಥೆಯ ಮುಖ್ಯ ಇಂಜಿನಿಯರ್ ಆಗಿದ್ದೆ. ಸಂಸ್ಥೆಯಲ್ಲಿ ಬೇರೆ ಇಂಜಿನಿಯರುಗಳೇ ಇರಲಿಲ್ಲವಾದ್ದರಿಂದ ಹುದ್ದೆಗೆ ಪೈಪೋಟಿಯೂ ಇರಲಿಲ್ಲ. ತಿತಿಮತಿ ಕಡೆಯ ಕಾಫಿ ಎಸ್ಟೇಟೊಂದಕ್ಕೆ ನಾನು ಕಟ್ಟಿಕೊಟ್ಟ ವೆಬ್ ಪುಟಕ್ಕೆ ‘ಆನೆ ಹಲಗೆ’ ಎಂದು ಹೆಸರು. ತೋಟದ ಪ್ರತಿ ಬ್ಲಾಕಿಗೂ ಅದರಲ್ಲಿ ಒಂದು ಚೌಕ. ಕಾಡಂಚಿನ ಕಾವಲುಗಾರನು ಆನೆ ಕಂಡು ತನ್ನ ಫೋನಿನಲ್ಲಿ ಒತ್ತಿದರೆ ಚೌಕ ಕೆಂಪು, ಇಲ್ಲದಿದ್ದರೆ ಹಸಿರು. ಬೆಳಿಗ್ಗೆ ಏಳೂವರೆಗೆ ಕೂಲಿಯವರ ಮನೆಸಾಲಾದ ಲೈನಿನ ಮುಂದೆ ಹಾಜರಿ ಕೂಗಿ, ಪುಟ ನೋಡಿ, ತೋಟದ ಲೆಕ್ಕ ಬರೆಯುವ ರೈಟರ್ ಉತ್ತಪ್ಪ ಹೆಂಗಸರನ್ನು ಕಾಫಿ ಕೊಯ್ಯುವ ಪಿಕ್ಕಿಂಗಿಗೆ ಕಳಿಸುತ್ತಿದ್ದರು.

ನನ್ನ ಬಳಿ ಲಿಂಟರ್ ಎಂಬ ಉಪಕರಣವಿತ್ತು. ಕಪ್ಪು ಪರದೆಯಲ್ಲಿ ಒಂದು ಸಾಲಿನ ಆದೇಶ ಟೈಪ್ ಮಾಡಿದರೆ ಸಾಕು. ಅದು ಪುಟದ ಕೋಡನ್ನು ನಡೆಸದೆ, ಬರೀ ಓದಿಯೇ ತಪ್ಪು ಹುಡುಕುತ್ತದೆ. ತಪ್ಪಿಲ್ಲದಿದ್ದರೆ ಏನೂ ಹೇಳುವುದಿಲ್ಲ. ಹೊಗಳುವ ಅಭ್ಯಾಸ ಅದಕ್ಕಿಲ್ಲ. ಅದರ ಮೌನವನ್ನೇ ನಾನು ಪ್ರಶಸ್ತಿಪತ್ರ ಎಂದು ಸ್ವೀಕರಿಸುತ್ತಿದ್ದೆ. ಕೆಲವು ಕಡೆ ಅದು ವಿಪರೀತ ಗೊಣಗಿದಾಗ, ಕೋಡಿನಲ್ಲೇ ‘ಈ ಸಾಲನ್ನು ನೋಡಬೇಡ’ ಎಂದು ಬರೆದು ಬಾಯಿ ಮುಚ್ಚಿಸಿದ್ದೂ ಉಂಟು.

ಅಂದು ಬೆಳಿಗ್ಗೆ ಏಳಕ್ಕೆ, ಲೋಟದ ಕಾಫಿ ಆರುವ ತನಕ ಬೇರೇನೂ ಕೆಲಸವಿಲ್ಲದೆ, ನಾನು ಕೊಟ್ಟಿದ್ದ ವಿನಾಯಿತಿಗಳನ್ನೆಲ್ಲ ಕಡೆಗಣಿಸಿ ಓದು ಎಂದು ಅದಕ್ಕೆ ಆದೇಶಿಸಿದೆ. ಹದಿನೇಳು ದೂರು ಬಂದವು. ಹದಿನಾರು ಕ್ಷುಲ್ಲಕ. ಹದಿನೇಳನೆಯದು: ‘212ನೇ ಸಾಲು, ಖಾಲಿ ಬ್ಲಾಕ್.’

ತೋಟದ ಬ್ಲಾಕಲ್ಲ, ಕೋಡಿನದು. ಬರೆದವನು ನಾನೇ. ಮಳೆಗಾಲದಲ್ಲಿ ಸಿಗ್ನಲ್ ಹೋದಾಗಲೆಲ್ಲ ಪುಟದ ಮೇಲೆ ದೋಷದ ಪೆಟ್ಟಿಗೆ ಏಳುತ್ತಿತ್ತು. “ದಿನಕ್ಕೆ ಇಪ್ಪತ್ತು ಸಲ ಬರ್ತದೆ ಮಾರಾಯ್ರೆ, ತೆಗೀರಿ ಅದನ್ನ” ಎಂದಿದ್ದರು ಉತ್ತಪ್ಪ. ತೆಗೆದೆ. ಮಾಹಿತಿ ಬಾರದಿದ್ದರೆ ಏನು ಮಾಡಬೇಕೆಂದು ಬರೆಯಬೇಕಾದ ಜಾಗವನ್ನು ಖಾಲಿ ಬಿಟ್ಟೆ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಸಿಗ್ನಲ್ ಇಲ್ಲದೆಯೂ ತೆರೆಯುವಂತೆ ಫೋನಿನಲ್ಲೇ ಉಳಿಸಿದ್ದ ಪುಟ ತೆರೆದೆ. ಎಲ್ಲ ಚೌಕಗಳೂ ಹಸಿರಾಗಿ ನಕ್ಕವು. ಸಿಗ್ನಲ್ ಮರಳಿ ಕೊಟ್ಟೆ. ಆರನೇ ಬ್ಲಾಕ್ ಕೆಂಪಾಯಿತು. ಕಾವಲುಗಾರ ಒತ್ತಿದ್ದು 5.50ಕ್ಕೆ.

ಉತ್ತಪ್ಪನವರಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗೆ. ಎಸ್ಟೇಟ್ ಕಚೇರಿಗೆ ಮಾಡಿದೆ, ಅದೂ ಹಾಗೇ. ಕಾವಲುಗಾರ ಒತ್ತಿದ ಮೇಲೆ ಯಾವಾಗಲೋ ಆ ಕಡೆಯ ಟವರ್ ಸತ್ತಿತ್ತು. ಅಂದರೆ ಅವರ ಕೈಯಲ್ಲಿದ್ದ ಪುಟ ಈಗ ಪೂರ್ತಿ ಹಸಿರು.

ಸ್ಕೂಟರ್ ಹತ್ತಿದೆ. ಹದಿಮೂರು ಕಿಲೋಮೀಟರ್. ದಾರಿಯುದ್ದಕ್ಕೂ ತಲೆಯೊಳಗೆ ಒಂದು ಹಾಜರಿ ನಡೆಯುತ್ತಿತ್ತು: ಹೆಸರು ಕೂಗುವುದು, ಯಾರೂ ಓಗೊಡದಿರುವುದು. ತಿರುವಿನಲ್ಲಿ ಎರಡು ಸಲ ಬೀಳುವುದರಲ್ಲಿದ್ದೆ. ಬಿದ್ದರೆ ಸುದ್ದಿ ತಲುಪಿಸುವವರು ಯಾರೂ ಇಲ್ಲ ಎಂಬುದೇ ದೊಡ್ಡ ಭಯ.

ಕಣದ ಬಳಿ ಉತ್ತಪ್ಪ ಹಿಂದಿನ ದಿನ ಕೊಯ್ದ ಕಾಫಿ ಚೆರ್ರಿಯನ್ನು ಒಣಗಲು ಹರಡಿಸುತ್ತಿದ್ದರು.

“ಹೆಂಗಸರು ಎಲ್ಲಿ?”

“ಆರನೇ ಬ್ಲಾಕಿಗೆ ಹೋದ್ರಲ್ಲ. ನಿಮ್ಮ ಹಲಗೆ ಹಸಿರು ತೋರಿಸ್ತು. ಹದಿನೆಂಟು ಜನ.” ನನ್ನ ಮುಖ ನೋಡಿ ಅವರು ಜೀಪಿನ ಕಡೆ ಓಡಿದರು.

ಆರನೇ ಬ್ಲಾಕಿನ ಬೇಲಿಬಾಗಿಲಾದ ತಡಿಯ ಹತ್ತಿರ ಜೀಪು ನಿಂತಿತು. ತಡಿಯ ಹೊರಗೆ, ರಸ್ತೆಯ ಮೇಲೆ, ಖಾಲಿ ಚೀಲ ಹಾಸಿಕೊಂಡು ಹೆಂಗಸರು ಎಲೆ ಅಡಿಕೆ ಹಾಕುತ್ತಿದ್ದರು. ಎರಡು ಸಲ ಎಣಿಸಿದೆ. ಹದಿನೆಂಟು.

“ಯಾಕೆ ಚೆಲ್ಲಮ್ಮ ಒಳಗೆ ಹೋಗ್ಲಿಲ್ಲ?” ಉತ್ತಪ್ಪ ಕೇಳಿದರು. ಚೆಲ್ಲಮ್ಮ ಆ ಗುಂಪಿನ ಹಿರಿಯಳು, ಲೈನಿನಲ್ಲೇ ಹುಟ್ಟಿದವಳು.

“ಬೈಬೇಡಿ ರೈಟರೇ. ಡಬ್ಬ ತಟ್ಟಿದೆ.” ಮುಚ್ಚಳ ಸವೆದ ತಿಂಡಿ ಡಬ್ಬ ಎತ್ತಿ ತೋರಿಸಿದಳು. “ದಿನಾ ತಟ್ತೀನಿ. ತಟ್ಟಿದ್ರೆ ಹಕ್ಕಿ ಹಾರ್ಬೇಕು, ಮಂಗ ಬೈಬೇಕು. ಇವತ್ತು ಒಂದೂ ಇಲ್ಲ. ಕೂತ್ಕೊಂಡ್ವಿ.”

“ಹಲಗೆ ಹಸಿರು ಅಂದಿದ್ನಲ್ಲ ನಾನು.”

“ಅಂದ್ರಿ. ಹಲಗೆ ಒಳಗೆ ಬರಲ್ಲ ಅಲ್ವಾ, ನಾವು ತಾನೇ ಹೋಗೋದು.”

ಒಳಗೆಲ್ಲೋ ಹಲಸಿನ ಕೊಂಬೆ ಲಟಕ್ಕೆಂದು ಮುರಿಯಿತು. ನಾನು ಜೀಪಿನ ಬಾಗಿಲು ಹಿಡಿದುಕೊಂಡೆ. ಚೆಲ್ಲಮ್ಮ ತಿರುಗಿ ನೋಡದೆ, ಎಲೆಗೆ ಸುಣ್ಣ ಸವರುತ್ತಾ, “ಇದಾರೆ” ಎಂದಳು. ಯಾರೋ ಹಿಂದಿನಿಂದ, “ಇವತ್ತು ಪಿಕ್ಕಿಂಗ್ ಅವರದೇ ಅಕ್ಕ” ಎಂದರೂ ಯಾರೂ ಗಟ್ಟಿಯಾಗಿ ನಗಲಿಲ್ಲ. ಸದ್ದಿಲ್ಲದೆ ಎದ್ದು ಲೈನಿಗೆ ಹಿಂದಿರುಗಿದೆವು.

ಮಧ್ಯಾಹ್ನ 212ನೇ ಸಾಲು ತುಂಬಿಸಿದೆ. ಮಾಹಿತಿ ಬಾರದಿದ್ದರೆ ಈಗ ಚೌಕಗಳೆಲ್ಲ ಬೂದು, ಮೇಲೆ ದೊಡ್ಡ ಅಕ್ಷರದಲ್ಲಿ ‘ಗೊತ್ತಿಲ್ಲ’. ಮುಖ್ಯ ಇಂಜಿನಿಯರನ ವೃತ್ತಿಜೀವನದಲ್ಲಿ ಈ ಪದ ಅಧಿಕೃತವಾಗಿ ಬಳಕೆಯಾದದ್ದು ಅದೇ ಮೊದಲು. ಒಂದು ವಾರದ ನಂತರ ಚೆಲ್ಲಮ್ಮನಿಗೆ ತೋರಿಸಿದೆ. ಫೋನನ್ನು ದೂರ ಹಿಡಿದು ನೋಡಿ, “ಇದು ಪರವಾಗಿಲ್ಲ ಸಾರೇ” ಎಂದು ಹಿಂತಿರುಗಿಸಿ, ತಡಿಯ ಬಳಿ ಹೋಗಿ ಡಬ್ಬ ತಟ್ಟಿದಳು.

ಈಗಲೂ ದಿನಾ ಬೆಳಿಗ್ಗೆ ಲಿಂಟರ್ ಓಡಿಸುತ್ತೇನೆ, ವಿನಾಯಿತಿ ಯಾವುದಕ್ಕೂ ಇಲ್ಲ. ಅದು ಗೊಣಗಿದರೆ ನೆಮ್ಮದಿ. ಏನೂ ಹೇಳದ ದಿನ ಬೇಕೆಂದೇ ಒಂದು ತಪ್ಪು ಬರೆದು ಇನ್ನೊಮ್ಮೆ ಓಡಿಸುತ್ತೇನೆ, ಅದಕ್ಕೆ ಬಾಯಿ ಇದೆಯೇ ಎಂದು ನೋಡಲು.