ಹಣೆಯಿಲ್ಲದ ಸ್ಕ್ರೀನು

ಶಹಾಪುರದ ಹತ್ತಿ ಗಿರಣಿಯಲ್ಲಿ ಆ ಪುಟ್ಟ ತಗಡನ್ನು ಕತ್ತರಿಸಿದವರು ಯಾರು ಎಂಬುದು ನನಗೆ ಬಹಳ ವರ್ಷ ಖಚಿತವಿರಲಿಲ್ಲ. ನನ್ನ ನೆನಪಿನಲ್ಲಿ ಕಾನಸು, ಅಂದರೆ ಅರ, ಹಿಡಿದು ಅದರ ಅಂಚು ಉಜ್ಜುತ್ತಿರುವವನು ನಾನೇ. ಆದರೆ ಅದೇ ನೆನಪಿನಲ್ಲಿ ಹೊರಗೆ ಜೋರು ಮಳೆ ಸುರಿಯುತ್ತಿದೆ, ಹತ್ತಿ ಹಂಗಾಮಿನಲ್ಲಿ ನಮ್ಮ ಕಡೆ ಅಂಥ ಮಳೆ ಬೀಳುವುದಿಲ್ಲ. ಮಳೆ ಸುಳ್ಳಾದರೆ ಕಾನಸು ಯಾಕೆ ನಿಜವಿರಬೇಕು? ಅಳತೆ ಮಾಡದ್ದನ್ನು ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತೆ. ಉಳಿದ ಪಾಠ ಮರೆತರೂ ಆ ಚಟ ಬಿಟ್ಟಿಲ್ಲ.

ಕಾಲುವೆ ನೀರು ಬಂದು ಬೆಳೆ ಹೆಚ್ಚಾದ ಮೇಲೆ ನಮ್ಮ ಸೀಮೆಯ ಗಿರಣಿಗಳು ಹಳೆ ಮಿಷಿನ್ ಉಳಿಸಿಕೊಂಡು ಅವುಗಳ ಮುಖವನ್ನಷ್ಟೇ ಬದಲಿಸತೊಡಗಿದ್ದವು. ನನ್ನ ಕೆಲಸ ಅದೇ. ಯಾದಗಿರಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ಗುಂಡಿ, ದೀಪ, ಮುಳ್ಳಿನ ಮೀಟರುಗಳಿದ್ದ ಪ್ಯಾನೆಲ್ ಕಿತ್ತು, ಬೆರಳು ಒತ್ತಿದರೆ ಕೇಳುವ ಸ್ಕ್ರೀನ್ ಕೂರಿಸುತ್ತಿದ್ದೆ. ಶಹಾಪುರದಲ್ಲಿ ಸಿಕ್ಕಿದ್ದು ಅರಳೆಯನ್ನು ಒತ್ತಿ ಬೇಲ್ ಕಟ್ಟುವ ಪ್ರೆಸ್ಸು. ನನ್ನ ಮೊದಲ ದೊಡ್ಡ ಕೆಲಸ.

ಪ್ರೆಸ್ಸು ನಡೆಸುತ್ತಿದ್ದ ಆಪರೇಟರು ಸುರಪುರದ ಮಗ್ಗುಲಿನ ರಂಗಂಪೇಟೆಯವರು. ಗಿರಣಿಯ ಹೆಣ್ಣಾಳುಗಳೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲ ದಿನವೇ ಗಿರಣಿಯ ಸಾವ್ಕಾರರು ಅವರೆದುರೇ ಮಾತು ಮುಗಿಸಿದ್ದರು. ಸ್ಕ್ರೀನ್ ಕಾಕಾನ ಕೈಗೆ ಹತ್ತಿದರೆ ಸರಿ, ಹತ್ತದಿದ್ದರೆ ಹೊರಗಿನಿಂದ ಐಟಿಐ ಕಲಿತವನೊಬ್ಬನನ್ನು ಕರೆಸುವುದು, ಕಾಕಾ ಗೇಟು ಕಾಯಲಿ. ಗೇಟಿನಲ್ಲಿ ಒಂದು ಮುರುಕು ಕುರ್ಚಿಯಿತ್ತು. ಕಾಕಾ ಆ ಕಡೆ ತಿರುಗಿಯೂ ನೋಡಲಿಲ್ಲ.

ಹಸಿರು ಬಣ್ಣದ, ಪೆಟ್ಟಿಗೆಯಂಥ ಹಳೆ ಕಬ್ಬಿಣದ ಪ್ಯಾನೆಲನ್ನು ಗುಜರಿಗೆ ಹಾಕಿರೆಂದೆ. ಕಾಕಾ ಅದನ್ನು ಸಾವ್ಕಾರರಿಂದ ಕೇಳಿ ಪಡೆದು, ಬಸ್ಸಿನ ಮೇಲೆ ಹೇರಿಕೊಂಡು ಊರಿಗೆ ಒಯ್ದರು. ಜೋಳ ತುಂಬಿಡಲಿಕ್ಕೆ ಎಂದು ಹೇಳಿದರು. ಗುಂಡಿಯ ತೂತಿನಿಂದ ಜೋಳವೆಲ್ಲ ಸುರಿದೀತು ಎಂದು ಹೆಣ್ಣಾಳುಗಳು ನಕ್ಕರು.

ಸ್ಕ್ರೀನಿನ ಮೇಲೆ ನಾನು ಕನ್ನಡದಲ್ಲಿ ‘ಪ್ರಾರಂಭ’, ‘ಸ್ಥಗಿತ’ ಎಂದು ಬರೆಸಿದ್ದೆ. ಅದನ್ನು ‘ಚಾಲೂ’, ‘ಬಂದ್’ ಮಾಡಿಸಿದವರು ಆ ಹೆಣ್ಣಾಳುಗಳೇ. ಅವರಲ್ಲೊಬ್ಬಳು ದಿನಾ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು: “ಕಾಕಾ, ನಿನ್ನ ಮಿಷಿನಿಗಿ ಟೀವಿ ಬಂದದ. ಒಂದ್ ಧಾರಾವಾಹಿ ಹಚ್ಚು.” ಕಾಕಾ ಬೆರಳನ್ನು ಧೋತರಕ್ಕೆ ಒರೆಸಿಕೊಂಡು, ಕಾದ ಹಂಚು ಮುಟ್ಟುವವರಂತೆ ಸ್ಕ್ರೀನ್ ಮುಟ್ಟುತ್ತಿದ್ದರು. ಕೆಲವೇ ದಿನಗಳಲ್ಲಿ ಬೆರಳಿನ ಅಂಜಿಕೆ ಹೋಯಿತು. ಬೇಲುಗಳು ಒಂದರ ಹಿಂದೊಂದು ಹೊರಬಿದ್ದವು.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಆ ದಿನ ಮಧ್ಯಾಹ್ನ ಗಿರಣಿ ನಿಲ್ಲಿಸಿ, ಮಿಷಿನ್‌ಗಳನ್ನು ಒರೆಸಿ, ಪೂಜೆ ಮಾಡಿ, ಕಾಯಿ ಒಡೆದು, ಪ್ರೆಸ್ಸನ್ನು ಶಾಸ್ತ್ರಕ್ಕೊಮ್ಮೆ ಓಡಿಸುವುದು ಪದ್ಧತಿ. ಕಾಕಾ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದು, ಹಸಿರು ಪ್ಯಾನೆಲಿಗೆ ಎಷ್ಟೋ ವರ್ಷದಿಂದ ಎಳೆಯುತ್ತ ಬಂದಂತೆ, ಹೊಸ ಸ್ಕ್ರೀನಿನ ಮೇಲಂಚಿನಲ್ಲಿ ಮೂರು ಬೆರಳು ಎಳೆದರು. ಸಾವ್ಕಾರರು ಕೈ ಮುಗಿದರು. ಪಕ್ಕದಲ್ಲೇ ಇದ್ದ ನನಗೂ ಅದು ತಪ್ಪೆನಿಸಲಿಲ್ಲ.

ಕಾಯಿ ಒಡೆದು ‘ಚಾಲೂ’ ಒತ್ತಿದರೆ ಪ್ರೆಸ್ಸು ಅಲುಗಲಿಲ್ಲ. ಯಾರೂ ಮುಟ್ಟದೆ ಸ್ಕ್ರೀನಿನಲ್ಲಿ ಪುಟಗಳು ತಾವೇ ಹಾರತೊಡಗಿದವು. ಕಾಕಾ ಗಾಬರಿಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿದಷ್ಟೂ ಹೆಚ್ಚಾಯಿತು. ಸಾವ್ಕಾರರು ಬೈಯಲಿಲ್ಲ. ಐಟಿಐ ಕಲಿತವನಿಗೆ ಫೋನ್ ಮಾಡಬೇಕೆಂದು ನನಗೆ ಹೇಳಿ ಹೊರಟುಹೋದರು.

ಮರುದಿನ ಬೆಳಿಗ್ಗೆ ಸ್ಕ್ರೀನ್ ಬಿಚ್ಚಿದೆ. ಚೌಕಟ್ಟಿಗೂ ಸ್ಕ್ರೀನಿನ ಪೊರೆಗೂ ನಡುವಿನ ಸಂದಿಯಲ್ಲಿ ವಿಭೂತಿ ಇಳಿದು, ಒಣಗಿ ಗಟ್ಟಿಯಾಗಿ, ಯಾರೋ ಬೆರಳಿಟ್ಟು ಬಿಡದೆ ಒತ್ತಿದಂತೆ ಕೂತಿತ್ತು. ಕುಂಚದಿಂದ ತೆಗೆದೆ, ಸರಿಹೋಯಿತು. ಸಾವ್ಕಾರರನ್ನು ಕರೆದು ತೋರಿಸಿದೆ. ಅವರು ಹಗುರಾಗಿ, ಇನ್ನು ಮೇಲೆ ಇದಕ್ಕೆ ವಿಭೂತಿ ಬೇಡ, ಮುಗೀತು ಎಂದರು.

ಕಾಕಾ ಮುಗಿಸಲು ಬಿಡಲಿಲ್ಲ. “ಸಾವ್ಕಾರ್ರ, ಬರೇ ಹಣಿ ಇಟ್ಟು ಚಾಲೂ ಮಾಡಂದ್ರ ನನ್ನ ಕೈ ಏಳಂಗಿಲ್ರಿ. ಆ ಐಟಿಐ ಕಲತವನ್ನs ಕರಸ್ರಿ. ನಾ ಗೇಟಿಗಿ ಕೂಡ್ತೀನಿ.”

“ಇದಕ್ಕ ಹಣಿ ಎಲ್ಲದನೋ ಮಾರಾಯ? ಬರೇ ಮುಖ ಅದ,” ಎಂದರು ಸಾವ್ಕಾರರು.

ಆಗ ಯಾರೋ ಹೇಳಿದರು: “ಇಲ್ಲಂದ್ರ ಮಾಡೂಣ್ರಿ.”

ಯಾರು? ಇಲ್ಲಿಯೇ ನನ್ನ ನೆನಪು ಕೈಕೊಡುತ್ತದೆ. ಒಮ್ಮೆ ಅದು ನನ್ನ ದನಿ, ಒಮ್ಮೆ ಕಾಕಾನದು, ಕೆಲವೊಮ್ಮೆ ಬಾಗಿಲಲ್ಲಿ ನಿಂತ ಆ ಹೆಣ್ಣುಮಗಳದು. ಮಾರನೆಯ ದಿನ ಸ್ಕ್ರೀನಿನಿಂದ ತುಸು ಮೇಲೆ, ಅದಕ್ಕೆ ತಾಗದಂತೆ, ಅಂಗೈಯಗಲದ ಒಂದು ಹೊಳೆಯುವ ತಗಡು ಇತ್ತು. ಕಾಕಾ ಅದರ ಮೇಲೆ ಮೂರು ಬೆರಳು ಎಳೆದು ಪ್ರೆಸ್ಸು ಓಡಿಸಿದರು. ಫೋನಿನ ಮಾತು ಮತ್ತೆ ಬರಲಿಲ್ಲ.

ಆಮೇಲೆ ನಾನು ಮಾಡಿದ ಪ್ರತಿ ಪ್ಯಾನೆಲಿಗೂ ಅಂಥದೊಂದು ಖಾಲಿ ತಗಡು ಇಟ್ಟೆ. ಸುರಪುರದಲ್ಲಿ, ಯಾದಗಿರಿಯಲ್ಲಿ ಗಿರಣಿಯವರು ‘ಹಣಿ ಇರೋ ಪ್ಯಾನೆಲ್’ ಎಂದೇ ಕೇಳಿಕೊಂಡು ಬಂದರು. ಒಂದು ಬೇಳೆ ಗಿರಣಿಯ ಆಪರೇಟರ್ ಅಲ್ಲಿ ಬುದ್ಧನ ಪುಟ್ಟ ಚಿತ್ರ ಅಂಟಿಸಿದ. ಇನ್ನೊಬ್ಬರು ಬರೀ ಅರಿಶಿನ ಹಚ್ಚುತ್ತಾರೆ. ನನಗೆ ಪೂಜೆಯಲ್ಲಿ ಇಂದಿಗೂ ನಂಬಿಕೆಯಿಲ್ಲ. ಆದರೆ ನನ್ನ ಮನೆಯ ಒಲೆ ಉರಿದದ್ದು ಆ ತಗಡಿನಿಂದ. ಯಾರಿಗೆ ಕೈ ಮುಗಿಯಬೇಕೆಂದು ತಿಳಿಯದೆ ಇಷ್ಟು ವರ್ಷ ಕಳೆದೆ.

ಈಚೆಗೆ ಶಹಾಪುರದ ಆ ಸ್ಕ್ರೀನ್ ಮಂಕಾಯಿತೆಂದು ಕರೆ ಬಂತು. ಪ್ರೆಸ್ಸಿನ ಮುಂದೆ ಕಾಕಾನೇ ಇದ್ದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಹಣೆ ಮಾಡೋಣ ಎಂದವರು ಯಾರು ಎಂದು ಕೇಳಿದೆ.

“ಯಾರರೆ ಅಂದಿರ್ತಾರ್ರಿ. ನೀವs ಅಂದ್ರಿ ಅನಕೋರಿ, ನಂದೇನ್ ಹೋಗ್ತದ?”

ಹೊಸ ಸ್ಕ್ರೀನಿಗಾಗಿ ಎಲ್ಲವನ್ನೂ ಬಿಚ್ಚಬೇಕಿತ್ತು. ತಗಡಿನ ಎರಡೂ ಸ್ಕ್ರೂ ತೆಗೆದು, ಕಾಕಾ ನೋಡುತ್ತಿರುವಾಗಲೇ ಅದನ್ನು ಮಗುಚಿದೆ. ಮುಂಬದಿಯ ಬಣ್ಣವನ್ನು ಉಜ್ಜಿ ತೆಗೆದಿದ್ದರು. ಹಿಂಬದಿ ಮಾತ್ರ ಹಾಗೇ ಇತ್ತು: ಹಳೆ ಪ್ಯಾನೆಲಿನ ಹಸಿರು ಬಣ್ಣ, ಅಂಚಿನಲ್ಲಿ ಗುಂಡಿಯ ಅರ್ಧ ತೂತು.